ಕೂಲಂಟ್ ಇಳಿದರೆ ಏನು ಹಾಕಬೇಕು: ನಲ್ಲಿ ನೀರೋ, ಬ್ಯಾಟರಿ ನೀರೋ, ರೆಡಿಮಿಕ್ಸೋ, ಕಾನ್ಸಂಟ್ರೇಟೋ?

ಮುಂಬೈ, ಪುಣೆ, ಗೋವಾದಲ್ಲಿ ನೆಲೆಸಿದ ನಮ್ಮವರ ಗಾಡಿ ವರ್ಷಕ್ಕೆ ಒಂದೆರಡು ಸಲವಾದರೂ ಊರಿನ ದಾರಿ ಹಿಡಿಯುತ್ತದೆ. ಚೌತಿಗೆ, ದೀಪಾವಳಿಗೆ, ಮಕ್ಕಳ ಮೇ ರಜೆಗೆ. ಹೊರಡುವ ಹಿಂದಿನ ದಿನ ಬಾನೆಟ್ ಎತ್ತಿ ನೋಡಿದರೆ ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲಂಟಿನ, ಡಬ್ಬಿಯಲ್ಲಿ ಮಟ್ಟ ‘ಮಿನ್’ ಗೆರೆಗಿಂತ ಒಂದು ಬೆರಳು ಕೆಳಗಿದೆ. ಗ್ಯಾರೇಜಿನ ಹುಡುಗ ‘ಪಾನಿ ಡಾಲ್ ದೂಂ ಕ್ಯಾ?’ ಎಂದು ಕೇಳುತ್ತಾನೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹಸಿರು ಬಾಟಲಿ ಮುಂದಿಡುತ್ತಾರೆ. ಸೊಸೈಟಿಯ ಪಕ್ಕದ ಮನೆಯವರು ಬ್ಯಾಟರಿ ನೀರು ಸಾಕು ಎನ್ನುತ್ತಾರೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಪೂರ್ತಿ ಬದಲಿಸಬೇಕು ಎಂಬ ಉತ್ತರ.

ಈ ನಾಲ್ಕೂ ಮಾತು ಒಂದೊಂದು ಸಂದರ್ಭದಲ್ಲಿ ಸರಿ. ಯಾವುದು ಯಾವಾಗ ಎಂಬುದನ್ನು ಬಿಡಿಸಿ ನೋಡಬೇಕು. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಒಳಗೆ ಯಾವ ಕೂಲಂಟ್ ಇದೆ ಎಂದು ಖಚಿತವಾಗಿ ಗೊತ್ತಿದ್ದರೆ ಅದೇ ಜಾತಿಯ ರೆಡಿಮಿಕ್ಸ್ (ನೀರು ಬೆರೆಸಿಯೇ ಮಾರುವ ಕೂಲಂಟ್) ಹಾಕಿ. ಗೊತ್ತಿಲ್ಲ, ಇಳಿದಿರುವುದೂ ಕಾಲು ಲೀಟರಿನೊಳಗೆ ಎಂದಾದರೆ ಡಿಸ್ಟಿಲ್ಡ್ ನೀರು, ಅಂದರೆ ಬ್ಯಾಟರಿ ನೀರು, ಹಾಕಿ. ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಅಥವಾ ಒಂದೇ ತಿಂಗಳಲ್ಲಿ ಎರಡನೇ ಸಲ ಇಳಿದಿದ್ದರೆ, ಬಾಟಲಿ ಕೊಳ್ಳುವ ಮೊದಲು ಸೋರಿಕೆ ಹುಡುಕಿ. ನಲ್ಲಿ ನೀರು, ಟ್ಯಾಂಕರ್ ನೀರು ನಡುದಾರಿಯಲ್ಲಿ ಬೇರೇನೂ ಸಿಗದಿದ್ದಾಗ ಮಾತ್ರ.

ಮಟ್ಟ ನೋಡುವುದು

ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ನೋಡಬೇಕು. ಸೊಸೈಟಿಯ ಪೋಡಿಯಂ ರ‍್ಯಾಂಪಿನ ಇಳಿಜಾರಿನಲ್ಲಿ ನಿಂತ ಗಾಡಿ ತಪ್ಪು ಮಟ್ಟ ತೋರಿಸುತ್ತದೆ. ಎಂಜಿನ್ ಬಿಸಿಯಾಗಿದ್ದಾಗ ದ್ರವ ಹಿಗ್ಗಿ ಮೇಲೇರುವುದರಿಂದ, ಕಡಿಮೆಯಿದ್ದರೂ ‘ಮ್ಯಾಕ್ಸ್’ ಹತ್ತಿರ ಕಾಣಿಸಬಹುದು. ಏಳೆಂಟು ವರ್ಷ ಹಳೆಯ ಗಾಡಿಯಲ್ಲಿ ಡಬ್ಬಿಯ ಪ್ಲಾಸ್ಟಿಕ್ ಹಳದಿಗಟ್ಟಿ, ಒಳಗೆ ಹಳೆಯ ಮಟ್ಟದ ಕಂದು ಗೆರೆ ಕೂತಿರುತ್ತದೆ. ಆ ಗೆರೆಯನ್ನೇ ಕೂಲಂಟ್ ಎಂದುಕೊಂಡು ಮೋಸಹೋಗುವವರು ಬಹಳ. ಮೊಬೈಲ್ ಟಾರ್ಚನ್ನು ಡಬ್ಬಿಯ ಹಿಂದೆ ಹಿಡಿದು, ಗಾಡಿಯ ಮಡ್‌ಗಾರ್ಡ್ ಮೇಲೆ ಕೈಯಿಟ್ಟು ಎರಡು ಸಲ ಅಲುಗಾಡಿಸಿ. ಅಲುಗುವುದು ದ್ರವ, ಅಲುಗದೆ ನಿಲ್ಲುವುದು ಕಲೆ.

ಡಬ್ಬಿಗಳಲ್ಲಿ ಎರಡು ಬಗೆ ಇದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಂಜಿನ್ ಸುಟ್ಟುಕೊಂಡ ಗಾಡಿಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಮಾರುತಿ, ಹೋಂಡಾ, ಟೊಯೋಟಾದ ಅನೇಕ ಮಾಡೆಲ್‌ಗಳಲ್ಲಿ ರೇಡಿಯೇಟರ್ ಮೇಲೆಯೇ ಲೋಹದ ಮುಚ್ಚಳ ಇರುತ್ತದೆ. ಪಕ್ಕದಲ್ಲಿರುವ ಪ್ಲಾಸ್ಟಿಕ್ ಡಬ್ಬಿಗೆ ಒತ್ತಡವಿಲ್ಲ, ಅದೊಂದು ಕಾಯ್ದಿಟ್ಟ ಪಾತ್ರೆಯಷ್ಟೇ. ಎಂಜಿನ್ ಬಿಸಿಯಾದಾಗ ಹೆಚ್ಚಾದ ಕೂಲಂಟ್ ಸಣ್ಣ ಪೈಪಿನ ಮೂಲಕ ಡಬ್ಬಿಗೆ ಬರುತ್ತದೆ, ತಣ್ಣಗಾದಾಗ ರೇಡಿಯೇಟರ್ ಅದನ್ನು ಮರಳಿ ಎಳೆದುಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಅಥವಾ ಆ ಸಣ್ಣ ಪೈಪ್ ಸೀಳಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನು, ಕೂಲಂಟನ್ನಲ್ಲ. ಡಬ್ಬಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ಆದ್ದರಿಂದ ಈ ಬಗೆಯ ಗಾಡಿಯಲ್ಲಿ ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿದ್ದಾಗ, ರೇಡಿಯೇಟರ್ ಮುಚ್ಚಳವನ್ನೇ ತೆಗೆದು ಕೂಲಂಟ್ ಕುತ್ತಿಗೆಯವರೆಗೆ ಇದೆಯೇ ನೋಡಬೇಕು.

ಎರಡನೆಯ ಬಗೆಯಲ್ಲಿ ಡಬ್ಬಿಯೇ ಒತ್ತಡದ ಪಾತ್ರೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಟಾಟಾ, ಮಹೀಂದ್ರಾದ ಬಹಳಷ್ಟು ಗಾಡಿಗಳಲ್ಲಿ ಹೀಗಿದೆ. ದಪ್ಪ ಗೋಡೆಯ ಡಬ್ಬಿ, ತಿರುಪಿನ ದಪ್ಪ ಮುಚ್ಚಳ. ರೇಡಿಯೇಟರಿಗೆ ಬೇರೆ ಮುಚ್ಚಳ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಕಂಡ ಮಟ್ಟವೇ ನಿಜವಾದ ಮಟ್ಟ. ಆದರೆ ಬಿಸಿಯಿದ್ದಾಗ ಈ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಯಾವ ಬಗೆಯದಾದರೂ, ಎಂಜಿನ್ ತಣ್ಣಗಾದ ಮೇಲೆಯೇ, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಸ್ವಲ್ಪವೇ ತಿರುಗಿಸಿ, ಸುಸ್ಸೆನ್ನುವುದು ನಿಲ್ಲುವವರೆಗೆ ಕಾದು, ಆಮೇಲೆ ಪೂರ್ತಿ ತೆಗೆಯಬೇಕು. ಮೇಲಿನ ರಬ್ಬರ್ ಹೋಸ್ ಹಿಂಡಿ ನೋಡಿ: ಗಟ್ಟಿಯಾಗಿ ಉಬ್ಬಿಕೊಂಡಿದ್ದರೆ ಒತ್ತಡ ಇನ್ನೂ ಇದೆ, ಮುಚ್ಚಳಕ್ಕೆ ಕೈ ಹಾಕಬೇಡಿ.

ಇನ್ನೊಂದು ಮಾತು. ಪಕ್ಕದಲ್ಲೇ ಗ್ಲಾಸ್ ತೊಳೆಯುವ ನೀರಿನ ಡಬ್ಬಿಯ ಮುಚ್ಚಳವೂ ಇರುತ್ತದೆ, ಅದರ ಮೇಲೆ ಕಾರಂಜಿಯಂಥ ಚಿತ್ರ. ಅವಸರದಲ್ಲಿ ಅದಕ್ಕೆ ಕೂಲಂಟ್ ಸುರಿದರೆ ವೈಪರ್ ಹಾಕಿದಾಗ ಗ್ಲಾಸ್ ತುಂಬ ಎಣ್ಣೆಯಂಥ ಪೊರೆ ಬರುತ್ತದೆ, ರಾತ್ರಿ ಎದುರಿನ ಲೈಟ್ ಬಿದ್ದರೆ ದಾರಿ ಕಾಣುವುದಿಲ್ಲ.

ಒಳಗಿರುವುದು ಯಾವುದು?

ಬಣ್ಣ ನೋಡಿ ಕೂಲಂಟ್ ಕೊಳ್ಳುವುದು ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು. ಬಣ್ಣ ಎಂದರೆ ಕಂಪನಿ ಸೇರಿಸಿದ ಡೈ, ಅಷ್ಟೇ. ಹಸಿರೆಂದರೆ ಹೀಗೆ, ಕೆಂಪೆಂದರೆ ಹಾಗೆ ಎಂಬ ಕಾನೂನು ಎಲ್ಲೂ ಇಲ್ಲ. ಒಂದು ಕಂಪನಿಯ ಹಸಿರು ಹಳೆಯ ಬಗೆಯದು, ಇನ್ನೊಂದರ ಹಸಿರು ಹೊಸ ಬಗೆಯದು ಆಗಿರಬಹುದು.

ಕೂಲಂಟಿನಲ್ಲಿ ಬಹುಪಾಲು ಎಥಿಲೀನ್ ಗ್ಲೈಕಾಲ್ ಮತ್ತು ನೀರು. ಜಾತಿ ತೀರ್ಮಾನವಾಗುವುದು ಅದರಲ್ಲಿ ಕರಗಿರುವ ತುಕ್ಕುನಿರೋಧಕ ರಾಸಾಯನಿಕಗಳಿಂದ. ಹಳೆಯ ಬಗೆಯಲ್ಲಿ ಸಿಲಿಕೇಟ್, ಫಾಸ್ಫೇಟಿನಂಥ ಲವಣಗಳಿವೆ. ಇವು ಲೋಹದ ಮೇಲೆ ಬೇಗ ಪದರ ಕಟ್ಟುತ್ತವೆ, ಬೇಗ ಖರ್ಚೂ ಆಗುತ್ತವೆ. ಎರಡು ವರ್ಷ ಅಥವಾ ಸುಮಾರು 40,000 ಕಿಲೋಮೀಟರಿಗೆ ಬದಲಿಸಬೇಕು. ಎರಡನೆಯದು ಸಾವಯವ ಆಮ್ಲದ ಬಗೆ, ಅಂಗಡಿಯಲ್ಲಿ ಓಎಟಿ ಎನ್ನುತ್ತಾರೆ. ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ ಸುಮಾರು ಐದು ವರ್ಷ ಬಾಳುತ್ತದೆ. ಮೂರನೆಯದು ಇವೆರಡರ ಕೂಡುವಳಿ, ಹೈಬ್ರಿಡ್ ಓಎಟಿ. ಏಷ್ಯಾದ ಕಂಪನಿಗಳು ಇದರಲ್ಲಿ ಫಾಸ್ಫೇಟ್ ಇಡುತ್ತವೆ, ಸಿಲಿಕೇಟ್ ಬಿಡುತ್ತವೆ. ಯುರೋಪಿನವರು ಸಿಲಿಕೇಟ್ ಇಟ್ಟು ಫಾಸ್ಫೇಟ್ ಬಿಡುತ್ತಾರೆ. ಯುರೋಪಿನ ಬಹಳ ಕಡೆ ನೀರು ಗಡಸು, ಫಾಸ್ಫೇಟ್ ಸೇರಿದರೆ ಸುಣ್ಣ ಗಟ್ಟಿಗಟ್ಟಿ ಕೂರುತ್ತದೆ ಎಂಬುದು ಅದಕ್ಕೆ ಕಾರಣ.

ಟೊಯೋಟಾದ ಗುಲಾಬಿ ಸೂಪರ್ ಲಾಂಗ್ ಲೈಫ್, ಹೋಂಡಾದ ನೀಲಿ ಟೈಪ್ 2, ಸುಜುಕಿಯ ನೀಲಿ ಸೂಪರ್ ಮತ್ತು ಅದರ ಹಿಂದಿನ ಹಸಿರು, ಫೋಕ್ಸ್‌ವ್ಯಾಗನ್-ಸ್ಕೋಡಾದ ಜಿ13 ಮತ್ತು ಜಿ12ಇವೋ: ನಮ್ಮ ರಸ್ತೆಯ ಗಾಡಿಗಳಲ್ಲಿ ಹೆಚ್ಚು ಕಾಣುವವು ಇವು. ಮಾರುತಿಯಲ್ಲಿ ನೀಲಿ ಮತ್ತು ಹಸಿರಿಗೆ ಬದಲಿಸುವ ಅವಧಿಯೇ ಬೇರೆ, ಆದ್ದರಿಂದ ಗಾಡಿಯ ಮ್ಯಾನ್ಯುಯಲ್ ತೆಗೆದು ಕೂಲಂಟ್ ಪುಟ ಒಮ್ಮೆ ಓದಿ, ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂಬೈಯ ಆಪೆರಾ ಹೌಸ್ ಕಡೆಯಲ್ಲೋ ಪುಣೆಯ ನಾನಾ ಪೇಠದಲ್ಲೋ ಸ್ಪೇರ್ ಅಂಗಡಿಯ ಮುಂದೆ ನಿಂತು ‘ಕೆಂಪು ಕೊಡಿ’ ಎನ್ನುವುದಕ್ಕಿಂತ ಆ ಫೋಟೋ ತೋರಿಸುವುದು ಒಳ್ಳೆಯದು.

ಎರಡು ಜಾತಿ ಬೆರೆತರೆ ಗಾಡಿ ಅಲ್ಲೇ ನಿಲ್ಲುವುದಿಲ್ಲ. ಆಗುವುದೇನೆಂದರೆ, ಐದು ವರ್ಷ ಬಾಳಬೇಕಾದದ್ದು ಹಳೆಯ ಬಗೆಯ ಎರಡು ವರ್ಷಕ್ಕೆ ಇಳಿಯುತ್ತದೆ. ಕೆಲವು ಜೋಡಿಗಳಲ್ಲಿ ಲವಣಗಳು ಕರಗದೆ ಹೊರಬಿದ್ದು ಲೋಳೆಯಂಥ ಗಸಿಯಾಗಿ ರೇಡಿಯೇಟರಿನ ಸಣ್ಣ ಕೊಳವೆ, ಹೀಟರಿನ ಕೊಳವೆ ಕಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಒಳಗೇನಿದೆ ಎಂದು ತಿಳಿಯಲು ದಾರಿಯಿಲ್ಲ. ಅವರು ಒಂದು ಸಿರಿಂಜಿನಲ್ಲಿ ಡಬ್ಬಿಯಿಂದ 10 ಮಿಲಿ ತೆಗೆದು ಗಾಜಿನ ಲೋಟಕ್ಕೆ ಬಿಟ್ಟು ಬಿಳಿ ಕಾಗದದ ಮುಂದೆ ಹಿಡಿಯಲಿ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬಾರದು. ಬಣ್ಣ ಯಾವುದೇ ಇರಲಿ, ಆಚೆಬದಿ ಕಾಣುವಷ್ಟು ತಿಳಿಯಾಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಚಹಾದ ಬಣ್ಣಕ್ಕೆ ತಿರುಗಿದ್ದರೆ ತುಕ್ಕು. ಮೇಲೆ ಎಣ್ಣೆಯ ಕಣ್ಣುಗಳು ತೇಲಿದರೆ ಅಥವಾ ಹಾಲು ಬೆರೆಸಿದಂತಿದ್ದರೆ ಎಂಜಿನ್ ಆಯಿಲ್ ಇಲ್ಲವೇ ಗೇರ್ ಆಯಿಲ್ ಸೇರಿದೆ; ಟಾಪ್ ಅಪ್ ಮಾತು ಅಲ್ಲಿಗೆ ಮುಗಿಯಿತು, ಮೆಕ್ಯಾನಿಕ್ ಬೇಕು.

ನಲ್ಲಿ ನೀರು, ಟ್ಯಾಂಕರ್ ನೀರು, ಬಾವಿ ನೀರು

ಮುಂಬೈಯಲ್ಲಿ ಇದರ ಪರವಾಗಿ ಒಂದು ವಾದವಿದೆ: ನಗರಕ್ಕೆ ಬರುವುದು ತಾನ್ಸಾ, ಭಾತ್ಸಾ, ವೈತರಣಾದ ಕೆರೆ ನೀರು, ಅದು ಮೆದು, ಬಕೆಟಿನಲ್ಲಿ ಸುಣ್ಣ ಕಟ್ಟುವುದಿಲ್ಲ, ಹಾಗಾಗಿ ಎಂಜಿನ್ನಿಗೂ ತೊಂದರೆಯಿಲ್ಲ. ಅರ್ಧ ಸರಿ. ಸುಣ್ಣ ಕಡಿಮೆ ಎಂಬುದು ನಿಜ. ಆದರೆ ನಲ್ಲಿ ನೀರಿನಲ್ಲಿ ಕ್ಲೋರೈಡ್ ಮತ್ತು ಕರಗಿದ ಆಮ್ಲಜನಕ ಇದ್ದೇ ಇರುತ್ತವೆ. ಇಂದಿನ ರೇಡಿಯೇಟರುಗಳೆಲ್ಲ ಹೆಚ್ಚುಕಡಿಮೆ ಅಲ್ಯುಮಿನಿಯಂ, ಕ್ಲೋರೈಡ್ ಅದನ್ನು ಸೂಜಿಮೊನೆಯಷ್ಟು ತೂತು ತೂತಾಗಿ ತಿನ್ನುತ್ತದೆ. ಅಲ್ಲದೆ ಬೇಸಿಗೆಯಲ್ಲಿ ಸೊಸೈಟಿಯ ಟ್ಯಾಂಕಿಗೆ ಬಂದದ್ದು ಕೆರೆ ನೀರೋ ಬೋರ್‌ವೆಲ್ ಟ್ಯಾಂಕರೋ ಯಾರಿಗೆ ಗೊತ್ತು?

ಪುಣೆಯಲ್ಲಿ ಆ ವಾದವೂ ನಿಲ್ಲುವುದಿಲ್ಲ. ಪೇಠಗಳಿಗೆ ಖಡಕವಾಸ್ಲಾದ ನೀರು ಸಿಗುತ್ತದೆ. ಆದರೆ ಐಟಿ ಕೆಲಸಕ್ಕೆ ಬಂದ ನಮ್ಮವರು ಹೆಚ್ಚಾಗಿ ಇರುವ ಹಿಂಜವಾಡಿ, ವಾಕಡ್, ವಾಘೋಲಿ, ಉಂಡ್ರಿ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಬಳಕೆ ಬಹಳ. ಗೀಸರಿನ ಕಾಯಿಲ್ ತೆಗೆದು ನೋಡಿದವರಿಗೆ ಬಿಳಿ ಹೆಕ್ಕಳೆ ಎಷ್ಟು ದಪ್ಪ ಕೂರುತ್ತದೆ ಎಂದು ಗೊತ್ತು. ಅದೇ ಹೆಕ್ಕಳೆ ಸಿಲಿಂಡರ್ ಹೆಡ್ಡಿನ ಒಳದಾರಿಗಳಲ್ಲಿ, ಎಕ್ಸಾಸ್ಟ್ ವಾಲ್ವಿನ ಸುತ್ತ, ಎಲ್ಲಿ ಶಾಖ ಅತಿ ಹೆಚ್ಚೋ ಅಲ್ಲಿಯೇ ಮೊದಲು ಕೂರುತ್ತದೆ. ಗೋವಾದಲ್ಲಿ ಬಾವಿ ನೀರು ಬಳಸುವವರು ಇನ್ನೂ ಎಚ್ಚರವಾಗಿರಬೇಕು: ಕಡಲಂಚಿನ ಬಾವಿಗಳಲ್ಲಿ ಉಪ್ಪಿನಂಶ, ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಕಬ್ಬಿಣದಂಶ ಬರಬಹುದು.

ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟು ಬಳಸುವವರೂ ಇದ್ದಾರೆ. ಅದರಲ್ಲಿ ಲವಣ ಕಡಿಮೆ ನಿಜ, ಆದರೆ ಕಾಯಿಲಿನ ಧೂಳು, ಪಾಚಿ, ಲೋಹದ ಅಂಶ ಸೇರಿರುತ್ತವೆ. ಬ್ಯಾಟರಿ ನೀರಿನ ಬಾಟಲಿ ಇಷ್ಟು ಅಗ್ಗವಾಗಿ ಸಿಗುವಾಗ ಆ ಉಸಾಬರಿ ಬೇಡ.

ಬ್ಯಾಟರಿ ನೀರು

ಪೆಟ್ರೋಲ್ ಪಂಪಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ಅಥವಾ ಡಿಎಂ (ಲವಣ ತೆಗೆದ) ನೀರು. ಬಾಟಲಿ ಮೇಲೆ ಐಎಸ್ 1069 ಎಂದಿದ್ದರೆ ಬ್ಯಾಟರಿ ನೀರಿನ ಭಾರತೀಯ ಮಾನಕಕ್ಕೆ ತಕ್ಕದ್ದು ಎಂದು ತಯಾರಕರ ಮಾತು. ಕೇಳುವಾಗ ‘ನೀರು’ ಎಂದು ಒತ್ತಿ ಹೇಳಿ, ಲೇಬಲ್ ಓದಿ. ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಬಾಟಲಿಗಳೂ ಇರುತ್ತವೆ. ಆಸಿಡ್ ರೇಡಿಯೇಟರಿಗೆ ಹೋದರೆ ರಿಪೇರಿಯಲ್ಲಿ ಮುಗಿಯುವ ಮಾತಲ್ಲ.

ಇದರಲ್ಲಿ ಸುಣ್ಣವಿಲ್ಲ, ಕ್ಲೋರೈಡ್ ಹೆಸರಿಗಷ್ಟೇ. ಯಾವ ಜಾತಿಯ ಕೂಲಂಟ್ ಜೊತೆಗೂ ಜಗಳವಾಡುವುದಿಲ್ಲ. ಒಳಗಿರುವುದು ಯಾವುದೆಂದು ಗೊತ್ತಿಲ್ಲದಾಗ ತಪ್ಪು ಕೂಲಂಟಿಗಿಂತ ಇದೇ ಮೇಲು. ಇನ್ನೊಂದು ಕಾರಣವೂ ಇದೆ. ಸೋರಿಕೆಯಿಲ್ಲದೆ ವರ್ಷಕ್ಕೆ 100-150 ಮಿಲಿ ಇಳಿದರೆ ಹೋದದ್ದು ಹೆಚ್ಚಾಗಿ ಆವಿಯಾದ ನೀರು, ಗ್ಲೈಕಾಲ್ ಒಳಗೇ ಉಳಿದಿದೆ. ಆ ನೀರನ್ನು ನೀರಿನಿಂದಲೇ ತುಂಬಿಸುವುದು ಸರಿಯಾದ ಲೆಕ್ಕ.

ತೊಂದರೆ ಶುರುವಾಗುವುದು ಸೋರುವ ಗಾಡಿಗೆ ಮತ್ತೆ ಮತ್ತೆ ಇದನ್ನೇ ಹಾಕಿದಾಗ. ನಾಲ್ಕು ಲೀಟರ್ ಹಿಡಿಯುವ ಸಣ್ಣ ಪೆಟ್ರೋಲ್ ಗಾಡಿ, ಒಳಗೆ 50:50 ಮಿಶ್ರಣ ಎಂದುಕೊಳ್ಳಿ. ಅರ್ಧ ಲೀಟರ್ ಸೋರಿ, ಅರ್ಧ ಲೀಟರ್ ನೀರು ತುಂಬಿಸಿದರೆ ಗ್ಲೈಕಾಲ್ ಶೇಕಡಾ 44ಕ್ಕೆ ಬಂತು. ಎರಡನೇ ಸಲಕ್ಕೆ 38, ಮೂರನೇ ಸಲಕ್ಕೆ 33.5, ನಾಲ್ಕನೇ ಸಲಕ್ಕೆ 29. ಹೆಚ್ಚಿನ ಕಂಪನಿಗಳು ಕೇಳುವ ಕನಿಷ್ಠ ಪ್ರಮಾಣ 30ರಿಂದ 33ರ ಆಸುಪಾಸು. ಅದಕ್ಕಿಂತ ಕೆಳಗಿಳಿದರೆ ತುಕ್ಕುನಿರೋಧಕ ಸಾಲುವುದಿಲ್ಲ. ಅಂದರೆ ನಾಲ್ಕು ಸಲ ‘ಸ್ವಲ್ಪ ನೀರು’ ಹಾಕಿದಲ್ಲಿಗೆ ಆ ಗಾಡಿಯಲ್ಲಿ ಉಳಿದದ್ದು ಬಣ್ಣದ ನೀರು. ಬಣ್ಣ ಮಾತ್ರ ಆಗಲೂ ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ.

ರೆಡಿಮಿಕ್ಸ್ ಮತ್ತು ಕಾನ್ಸಂಟ್ರೇಟ್

ಟಾಪ್ ಅಪ್ ಮಾಡಲು ರೆಡಿಮಿಕ್ಸ್, ಪೂರ್ತಿ ಬದಲಿಸಲು ಕಾನ್ಸಂಟ್ರೇಟ್. ಹೆಚ್ಚಿನವರಿಗೆ ಇದೇ ಸರಿಯಾದ ಆಯ್ಕೆ. ರೆಡಿಮಿಕ್ಸಿನಲ್ಲಿ ಶುದ್ಧ ನೀರು ಕಾರ್ಖಾನೆಯಲ್ಲೇ ಬೆರೆತಿರುತ್ತದೆ, ಅಳತೆ ತಪ್ಪುವ ಭಯವಿಲ್ಲ, ಬಾಟಲಿ ತೆರೆದು ಗೆರೆಯವರೆಗೆ ಸುರಿದರೆ ಆಯಿತು. ಕೊಳ್ಳುವಾಗ ಮೂರು ವಿಷಯ ಓದಿ. ಗ್ಲೈಕಾಲ್ ಎಷ್ಟು ಶೇಕಡಾ ಎಂದು ಬರೆದಿದೆಯೇ? ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ3306 ಈ ಮಾನಕಗಳಲ್ಲಿ ಒಂದಾದರೂ ಇದೆಯೇ? ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ ಬಗೆ ಅದೇನಾ? ಈ ಮೂರಕ್ಕೂ ಉತ್ತರವಿಲ್ಲದೆ ಬರೀ ‘ಕೂಲಂಟ್, ರೆಡಿ ಟು ಯೂಸ್’ ಎಂದು ಮಿಂಚುವ ಅಗ್ಗದ ಹಸಿರು ಡಬ್ಬಿಗಳಲ್ಲಿ ಗ್ಲೈಕಾಲ್ ಇಲ್ಲದೆಯೂ ಇರಬಹುದು. ಅವನ್ನು ಬಿಟ್ಟುಬಿಡಿ.

ಕಾನ್ಸಂಟ್ರೇಟ್ ಒಂದು ಲೀಟರಿಗೆ ಒಂದು ಲೀಟರ್ ಡಿಸ್ಟಿಲ್ಡ್ ನೀರು ಬೆರೆಸಿದರೆ ಎರಡು ಲೀಟರ್ 50:50 ಆಗುತ್ತದೆ. ಆದ್ದರಿಂದ ರೆಡಿಮಿಕ್ಸಿನ ಎರಡು ಲೀಟರಿನ ಬೆಲೆಯ ಜೊತೆ ಹೋಲಿಸಿ ನೋಡಬೇಕು, ಒಂದರ ಜೊತೆಗಲ್ಲ. ಇದನ್ನು ಬೆರೆಸದೆ ನೇರ ಸುರಿಯುವುದು ದೊಡ್ಡ ತಪ್ಪು. ಶುದ್ಧ ಗ್ಲೈಕಾಲಿಗೆ ಶಾಖ ಹೊತ್ತೊಯ್ಯುವ ಶಕ್ತಿ ನೀರಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ‘ಹೆಚ್ಚು ಹಾಕಿದಷ್ಟೂ ತಂಪು’ ಎಂದು ಪೂರ್ತಿ ಕಾನ್ಸಂಟ್ರೇಟ್ ತುಂಬಿಸಿದ ಗಾಡಿ ಘಾಟಿಯಲ್ಲಿ ಇನ್ನೂ ಬೇಗ ಕಾಯುತ್ತದೆ.

ಹಾಗಾದರೆ ಗ್ಲೈಕಾಲ್ ಯಾಕೆ, ನೀರೇ ಒಳ್ಳೆಯದಲ್ಲವೇ? ನೀರು ಶಾಖ ಚೆನ್ನಾಗಿ ಹೊರುತ್ತದೆ, ಆದರೆ 100 ಡಿಗ್ರಿಗೆ ಕುದಿಯುತ್ತದೆ. ಖಂಡಾಲಾದ ಎತ್ತರದಲ್ಲಿ ಸುಮಾರು 98ಕ್ಕೇ. 50:50 ಮಿಶ್ರಣ ಸುಮಾರು 107ಕ್ಕೆ. ಇದರ ಮೇಲೆ ಒತ್ತಡದ ಅಂಕಿ 1.1 ಎಂದು ಮುದ್ರೆಯಿರುವ ಮುಚ್ಚಳ ಒತ್ತಡ ಹಿಡಿದಿಟ್ಟರೆ ನೀರಿಗೆ 120ರ ಆಸುಪಾಸು, ಮಿಶ್ರಣಕ್ಕೆ 128ರ ಆಸುಪಾಸು. ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆಯುವುದೇ 82ರಿಂದ 88 ಡಿಗ್ರಿಯಲ್ಲಿ, ಏರುಮುಖದ ರಸ್ತೆಯಲ್ಲಿ ಕೂಲಂಟ್ 100 ದಾಟುವುದು ಅಸಹಜವಲ್ಲ. ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಮುಚ್ಚಳದ ಪಾಲು: ಕೂಲಂಟಿಗಿಂತ ಅದೇ ಹೆಚ್ಚು ಕೊಡುತ್ತದೆ. ದುಬಾರಿ ಕೂಲಂಟ್ ಹಾಕಿ ಬಿರಿದ ರಬ್ಬರಿನ ಮುಚ್ಚಳ ಉಳಿಸಿಕೊಂಡರೆ ಪ್ರಯೋಜನವಿಲ್ಲ. ಬದಲಿಸುವಾಗ ಹಳೆಯದರ ಮೇಲಿನ ಅಂಕಿಯೇ ಹೊಸದರ ಮೇಲೂ ಇರಬೇಕು. 0.9ರ ಜಾಗಕ್ಕೆ 1.1 ಹಾಕಿದರೆ ಹಳೆಯ ಹೋಸ್ ಸೀಳಬಹುದು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, 50 ಶೇಕಡಾ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೆಪ್ಪುಗಟ್ಟುವ ಭಯಕ್ಕಾದರೆ ಬೇಡ. 30 ಶೇಕಡಾ ಮಿಶ್ರಣವೇ ಮೈನಸ್ 16 ಡಿಗ್ರಿವರೆಗೆ ತಡೆಯುತ್ತದೆ. ಮ್ಯಾನ್ಯುಯಲ್ 30 ಎಂದರೆ 30 ಸಾಕು. ಏನೂ ಹೇಳದಿದ್ದರೆ 40ರಿಂದ 50ರ ನಡುವೆ ಇಡಿ, ಒಂದೆರಡು ಸಲ ನೀರು ಬಿದ್ದರೂ ಕನಿಷ್ಠದ ಗೆರೆ ದಾಟುವುದಿಲ್ಲ.

ಮೇಲೆ ಹೇಳಿದ 33.5ಕ್ಕೆ ಇಳಿದ ನಾಲ್ಕು ಲೀಟರಿನ ಗಾಡಿಯನ್ನು ಮರಳಿ 50ಕ್ಕೆ ತರಲು, ಸೋರಿಕೆ ಸರಿಪಡಿಸಿದ ಮೇಲೆ, ಒಂದು ಲೀಟರ್ ಹೊರತೆಗೆದು ಅದೇ ಜಾತಿಯ ಕಾನ್ಸಂಟ್ರೇಟ್ ಒಂದು ಲೀಟರ್ ಹಾಕಿದರೆ ಸಾಕು. ಕಾನ್ಸಂಟ್ರೇಟನ್ನು ಬೆರೆಸದೆ ಹಾಕುವುದು ಸರಿಯೆನಿಸುವುದು ಇಂಥ ಲೆಕ್ಕಕ್ಕೆ ಮತ್ತು ಮುಂದೆ ಹೇಳುವಂತೆ ತೊಳೆದು ಪೂರ್ತಿ ಬದಲಿಸುವಾಗ ಮಾತ್ರ. ಪ್ರಮಾಣ ಎಷ್ಟಿದೆ ಎಂದು ತಿಳಿಯಲು ರಿಫ್ರ್ಯಾಕ್ಟೋಮೀಟರ್ ಇರುವ ಗ್ಯಾರೇಜಿನಲ್ಲಿ ಎರಡು ಹನಿ ಕೊಟ್ಟರೆ ಆಯಿತು. ಅದು ಗ್ಲೈಕಾಲ್ ಅಳೆಯುತ್ತದೆ, ತುಕ್ಕುನಿರೋಧಕ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಆದ್ದರಿಂದ ಎಷ್ಟು ವರ್ಷಕ್ಕೆ ಬದಲಿಸಬೇಕೆಂಬ ಲೆಕ್ಕವನ್ನು ಅದರಿಂದ ಬಿಡಲಾಗದು.

ಕಂಪನಿಯ ಬಾಟಲಿಯೋ, ಅಂಗಡಿಯ ಬ್ರಾಂಡೋ? ವಾರಂಟಿ ಇರುವವರೆಗೆ ಕಂಪನಿಯದು. ಆಮೇಲೆ ಅದೇ ಸ್ಪೆಸಿಫಿಕೇಶನ್ ಬರೆದಿರುವ ಯಾವುದೇ ಒಳ್ಳೆಯ ಬ್ರಾಂಡ್ ಸಾಲುತ್ತದೆ. ‘ಎಲ್ಲಾ ಗಾಡಿಗೂ, ಎಲ್ಲಾ ಬಣ್ಣಕ್ಕೂ’ ಎನ್ನುವ ಯುನಿವರ್ಸಲ್ ಬಾಟಲಿ ಪೂರ್ತಿ ಖಾಲಿ ಮಾಡಿ ತುಂಬಿಸುವುದಕ್ಕೆ ಆದೀತು, ಯಾವುದಕ್ಕೋ ಬೆರೆಸುವುದಕ್ಕೆ ನಾವು ಹೇಳುವುದಿಲ್ಲ. ಹೈಬ್ರಿಡ್ ಗಾಡಿಗಳಲ್ಲಿ ಇನ್ವರ್ಟರಿಗೆ ಬೇರೆ ಡಬ್ಬಿ ಇರುತ್ತದೆ. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಕೂಲಂಟ್ ವಿದ್ಯುತ್ತನ್ನು ತೀರ ಕಡಿಮೆ ಹರಿಸುವ ವಿಶೇಷ ಬಗೆಯದಾಗಿರಬಹುದು. ಈ ಎರಡಕ್ಕೂ ಮನೆಯಲ್ಲಿ ಕೈ ಹಾಕುವುದು ಬೇಡ.

ಸಿಎನ್‌ಜಿ ಗಾಡಿಯವರಿಗೆ

ಮುಂಬೈ, ಪುಣೆಯಲ್ಲಿ ಸಿಎನ್‌ಜಿ ಗಾಡಿ ಎಷ್ಟೋ. ಸಿಲಿಂಡರಿನಿಂದ ಬರುವ ಗ್ಯಾಸ್ ಒತ್ತಡ ಇಳಿಯುವಾಗ ವಿಪರೀತ ತಣ್ಣಗಾಗುತ್ತದೆ, ಆದ್ದರಿಂದ ಬಹುತೇಕ ಕಿಟ್‌ಗಳಲ್ಲಿ ಆ ಒತ್ತಡ ಇಳಿಸುವ ರೆಡ್ಯೂಸರನ್ನು ಬೆಚ್ಚಗಿಡಲು ಎಂಜಿನ್ ಕೂಲಂಟಿನದೇ ಎರಡು ಹೋಸ್ ಅದಕ್ಕೆ ಜೋಡಿಸಿರುತ್ತಾರೆ. ಹೊರಗಡೆ ಕೂರಿಸಿದ ಕಿಟ್ ಆದರೆ ಹೋಸಿಗೆ ಟಿ-ಜೋಡಣೆ, ನಾಲ್ಕಾರು ಹೆಚ್ಚಿನ ಕ್ಲಿಪ್. ಸೋರಿಕೆ ಹುಡುಕುವಾಗ ಮೊದಲು ನೋಡಬೇಕಾದ ಜಾಗ ಅದೇ. ಕೂಲಂಟ್ ಇಳಿದಾಗ ಎತ್ತರದಲ್ಲಿರುವ ರೆಡ್ಯೂಸರಿಗೆ ಬಿಸಿ ತಲುಪದೆ ಅದರ ಮೈಮೇಲೆ ಬಿಳಿ ಹಿಮದ ಪುಡಿ ಕೂರುತ್ತದೆ, ಗಾಡಿ ಜಗ್ಗಲು ಶುರುಮಾಡುತ್ತದೆ, ತಾನೇ ಪೆಟ್ರೋಲಿಗೆ ಹೊರಳುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಬಾನೆಟ್ ಒಳಗೆ ಹಿಮ ಕಂಡರೆ ಗ್ಯಾಸ್ ಕಿಟ್ ಟ್ಯೂನಿಂಗಿಗೆ ಹಣ ಸುರಿಯುವ ಮೊದಲು ಕೂಲಂಟ್ ಮಟ್ಟ ನೋಡಿ.

ಎಲ್ಲಿಗೆ ಹೋಗುತ್ತಿದೆ?

ರಾತ್ರಿ ಗಾಡಿಯ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡುವುದು ಖರ್ಚಿಲ್ಲದ ಪರೀಕ್ಷೆ. ಎಸಿ ನೀರು ಬಣ್ಣವಿಲ್ಲದೆ ಒಣಗಿಹೋಗುತ್ತದೆ. ಕೂಲಂಟ್ ಒಣಗಿದ ಜಾಗ ಅಂಟಂಟಾಗಿ, ಸಿಹಿ ವಾಸನೆಯಾಗಿ ಉಳಿಯುತ್ತದೆ. ಹೋಸ್ ಕ್ಲಿಪ್ ಸುತ್ತ, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಸೇರುವ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಬಿಳಿ, ಹಸಿರು ಅಥವಾ ಗುಲಾಬಿ ಹಿಟ್ಟು ಅಂಟಿದ್ದರೆ ಸೋರಿಕೆ ಅಲ್ಲಿಂದ. ಗೋವಾದಲ್ಲಿ ಮತ್ತು ಮುಂಬೈಯ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಕ್ಲಿಪ್‌ಗಳೇ ತುಕ್ಕು ಹಿಡಿದು ಹಿಡಿತ ಬಿಡುತ್ತವೆ. ಮನೆಯವರು ಹಡಗಿನಲ್ಲೋ ಗಲ್ಫಿನಲ್ಲೋ ಇದ್ದು ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು.

ಹೊರಗೆ ಹನಿಯೂ ಇಲ್ಲ, ಆದರೆ ಡ್ಯಾಶ್‌ಬೋರ್ಡಿನಿಂದ ಸಿಹಿ ವಾಸನೆ, ಗ್ಲಾಸ್ ಒಳಗೆ ಜಿಡ್ಡಿನ ಮಂಜು, ಕಾಲಡಿಯ ಕಾರ್ಪೆಟ್ ಒದ್ದೆ ಎಂದಾದರೆ ಹೀಟರಿನೊಳಗಿನ ಸಣ್ಣ ರೇಡಿಯೇಟರ್, ಅಂದರೆ ಹೀಟರ್ ಕೋರ್, ಸೋರುತ್ತಿದೆ. ಹೊರಗೂ ಇಲ್ಲ ಒಳಗೂ ಇಲ್ಲ, ಸೈಲೆನ್ಸರಿನಿಂದ ಬಿಸಿಯಾದ ಮೇಲೂ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಮಜ್ಜಿಗೆಯ ನೊರೆಯಂಥದು, ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬಿಯಲ್ಲಿ ಗುಳ್ಳೆ: ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಮಳೆಗಾಲದಲ್ಲಿ ಬರೀ ಗಿಡ್ಡ ಓಡಾಟದ ಗಾಡಿಯ ಆಯಿಲ್ ಮುಚ್ಚಳದಡಿ ತೇವದಿಂದಲೂ ಸ್ವಲ್ಪ ನೊರೆ ಬರುತ್ತದೆ, ಅದೊಂದನ್ನೇ ಕಂಡು ಗಾಬರಿಯಾಗಬೇಡಿ. ಉಳಿದ ಲಕ್ಷಣಗಳೂ ಜೊತೆಗಿದ್ದರೆ ಗಾಡಿ ಓಡಿಸಬೇಡಿ.

ಸೋರಿಕೆ ನಿಲ್ಲಿಸುವ ಪುಡಿ, ಅರಿಶಿನ, ತಂಬಾಕು ಇವೆಲ್ಲ ತೂತಿನ ಜೊತೆ ರೇಡಿಯೇಟರಿನ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತವೆ. ಬೇಡವೇ ಬೇಡ.

ಟಾಪ್ ಅಪ್ ಸಾಕೇ, ಪೂರ್ತಿ ಬದಲಿಸಬೇಕೇ?

ಅವಧಿ ಮುಗಿದಿದ್ದರೆ, ಬಣ್ಣ ಕೆಟ್ಟಿದ್ದರೆ, ಎರಡು ಜಾತಿ ಬೆರೆತಿದ್ದರೆ, ನಲ್ಲಿ ನೀರು ಒಂದು ಲೀಟರಿನಷ್ಟು ಹೋಗಿದ್ದರೆ ಬದಲಿಸಿ. ಇಲ್ಲದಿದ್ದರೆ ಟಾಪ್ ಅಪ್ ಸಾಕು. ಬದಲಿಸುವಾಗ ಬರೀ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದರೆ ಎಂಜಿನ್ ಬ್ಲಾಕಿನಲ್ಲಿ ಗಣನೀಯ ಪಾಲು ಹಳೆಯದೇ ಉಳಿಯುತ್ತದೆ. ಡಿಸ್ಟಿಲ್ಡ್ ನೀರು ತುಂಬಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಥರ್ಮೋಸ್ಟಾಟ್ ತೆರೆಯುವವರೆಗೆ ಓಡಿಸಿ, ತಣ್ಣಗಾದ ಮೇಲೆ ಖಾಲಿ ಮಾಡಬೇಕು. ಬರುವ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ. ತೊಳೆದ ನೀರು ಬ್ಲಾಕಿನಲ್ಲಿ ಉಳಿದಿರುವುದರಿಂದ, ಕೊನೆಗೆ ರೆಡಿಮಿಕ್ಸ್ ಹಾಕಿದರೆ ಅದು ತೆಳುವಾಗುತ್ತದೆ. ಕಾನ್ಸಂಟ್ರೇಟ್ ಬೇಕಾಗುವುದು ಇಲ್ಲಿಯೇ: ಮ್ಯಾನ್ಯುಯಲ್‌ನ ಒಟ್ಟು ಪ್ರಮಾಣ ನಾಲ್ಕು ಲೀಟರಾದರೆ ಮೊದಲು ಎರಡು ಲೀಟರ್ ಕಾನ್ಸಂಟ್ರೇಟ್, ಹಿಡಿದಷ್ಟು ಡಿಸ್ಟಿಲ್ಡ್ ನೀರು ಆಮೇಲೆ.

ಗಾಳಿ ಹೊರಹೋಗುವುದು ಮುಖ್ಯ. ಗಾಳಿ ಬಿಡುವ ಬ್ಲೀಡ್ ತಿರುಪು ಇದ್ದರೆ ಅಲ್ಲಿಂದ ಗುಳ್ಳೆಯಿಲ್ಲದೆ ದ್ರವ ಬರುವವರೆಗೆ ಸಡಿಲಿಸಿ ಇಡಿ. ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಎಂಜಿನ್ ಐಡಲ್‌ನಲ್ಲಿ ಬಿಡಿ. ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಒಳಗೆ ಗಾಳಿ ಸಿಕ್ಕಿದೆ. ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿದರೆ 200-300 ಮಿಲಿ ಇಳಿದಿರುವುದು ಸಹಜ, ತುಂಬಿಸಿ. ಊರಿಗೆ ಹೊರಡುವ ದಿನವೇ ಈ ಕೆಲಸ ಇಟ್ಟುಕೊಳ್ಳಬೇಡಿ, ಮೂರು ದಿನ ಮೊದಲು ಮಾಡಿಸಿ.

ಘಾಟಿಯಲ್ಲಿ ಕಾದರೆ

ಖೋಪೋಲಿಯಿಂದ ಖಂಡಾಲಾ, ಪುಣೆ ಬಿಟ್ಟ ಮೇಲೆ ಖಂಬಾಟಕಿ, ಗೋವಾದಿಂದ ಅನಮೋಡ ಅಥವಾ ಚೋರ್ಲಾ. ನಾಲ್ಕೂ ಕಡೆ ಕಷ್ಟ ಒಂದೇ: ಎರಡನೇ ಗೇರ್, ಎಸಿ, ತುಂಬಿದ ಗಾಡಿ, ಮುಂದೆ ಲಾರಿ, ರೇಡಿಯೇಟರಿಗೆ ಗಾಳಿಯಿಲ್ಲ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಲು ಶುರುವಾದ ಕೂಡಲೇ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ತೆರೆದು ಕಿಟಕಿ ಇಳಿಸಿ. ಹೀಟರ್ ಎಂದರೆ ಇನ್ನೊಂದು ಸಣ್ಣ ರೇಡಿಯೇಟರ್. ಹಬೆ ಕಂಡರೆ ಅಥವಾ ಕೆಂಪು ದೀಪ ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಕಾದಿದ್ದ ಮುಳ್ಳು ದಿಢೀರನೆ ಕೆಳಗಿಳಿದರೆ ತಣ್ಣಗಾಯಿತು ಎಂದುಕೊಳ್ಳಬೇಡಿ, ಸೆನ್ಸರಿಗೆ ತಾಗಲು ಕೂಲಂಟೇ ಉಳಿದಿಲ್ಲ ಎಂದೂ ಅರ್ಥವಾಗಬಹುದು.

ಬಾನೆಟ್ ತೆರೆದಿಟ್ಟು ಮುಕ್ಕಾಲು ಗಂಟೆಯಾದರೂ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ ಇಲ್ಲವೇ ಬಿರಿಯುತ್ತದೆ, ಅರ್ಧ ಲೀಟರ್ ನೀರಿನ ಖರ್ಚು ಹೆಡ್ ಬದಲಿಸುವವರೆಗೆ ಬೆಳೆಯುತ್ತದೆ. ತಣ್ಣಗಾದ ಮೇಲೆ ಡಿಕ್ಕಿಯಲ್ಲಿರುವ ರೆಡಿಮಿಕ್ಸ್ ಮೊದಲು, ಇಲ್ಲದಿದ್ದರೆ ಡಿಸ್ಟಿಲ್ಡ್, ಅದೂ ಇಲ್ಲದಿದ್ದರೆ ಆರ್‌ಓ ಅಥವಾ ಕುಡಿಯುವ ಬಾಟಲಿ ನೀರು, ಕೊನೆಗೆ ದಾರಿಬದಿ ಹೋಟೆಲಿನ ನಲ್ಲಿ ನೀರು. ನಲ್ಲಿ ನೀರೆಂದು ಹೆದರಿ ಖಾಲಿ ಓಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹಾಕಿ, ನಿಧಾನವಾಗಿ ಊರು ಸೇರಿ, ಬೆಳಗಾವಿಯಲ್ಲೋ ಧಾರವಾಡದಲ್ಲೋ ಆ ವಾರದೊಳಗೆ ತೊಳೆಸಿ ಬದಲಿಸಿ. ಉದ್ದ ದಾರಿಗೆ ಡಿಕ್ಕಿಯಲ್ಲಿ ಒಂದು ಲೀಟರ್ ಸರಿಯಾದ ರೆಡಿಮಿಕ್ಸ್, ಒಂದು ಲೀಟರ್ ಬ್ಯಾಟರಿ ನೀರು, ದಪ್ಪ ಬಟ್ಟೆ, ಎರಡು ಹೋಸ್ ಕ್ಲಿಪ್ ಮತ್ತು ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಇರಲಿ.

ಹೊರತೆಗೆದ ಹಳೆಯ ಕೂಲಂಟನ್ನು ಗಟಾರಕ್ಕೆ, ಸೊಸೈಟಿಯ ತೋಟಕ್ಕೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ವಿಷ. ನೀರಿನ ಅಥವಾ ಜ್ಯೂಸಿನ ಹಳೆಯ ಬಾಟಲಿಯಲ್ಲಿ ತುಂಬಿಡಬೇಡಿ. ಅದರದೇ ಕ್ಯಾನಿನಲ್ಲಿ ಮುಚ್ಚಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೇಳಿ, ಆಯಿಲ್ ಜೊತೆ ಬೆರೆಸದೆ ಬೇರೆಯಾಗಿ ಕೊಡಿ. ನೆಲಕ್ಕೆ ಚೆಲ್ಲಿದ್ದರೆ ಮರಳು ಅಥವಾ ಮರದ ಪುಡಿ ಹಾಕಿ ಹೀರಿಸಿ, ಗುಡಿಸಿ ತೆಗೆದು, ಆ ಜಾಗವನ್ನು ಎರಡು ಬಕೆಟ್ ನೀರಿನಿಂದ ತೊಳೆಯಿರಿ.